ಟ್ರಿಪ್ ಆಗುವ ಗೀಸರಿಗೆ ‘ಡೈರೆಕ್ಟ್’ ಕೊಡಿಸಬೇಡಿ: ಮನೆ ಮಾಲೀಕರಿಗೊಂದು ಬಹಿರಂಗ ಪತ್ರ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಮಾಲೀಕರೇ,

‘ಗೀಸರ್ ಆನ್ ಮಾಡಿದ್ರೆ ಇಡೀ ಮನೆ ಕರೆಂಟ್ ಹೋಗ್ತಿದೆ ಸಾರ್’ ಎಂದು ಬಾಡಿಗೆದಾರರು ಬೆಳಬೆಳಿಗ್ಗೆ ಫೋನ್ ಮಾಡುವುದು ನಿಮಗೆ ಹೊಸದೇನಲ್ಲ. ಚಳಿಗಾಲದಲ್ಲಂತೂ ಮಾಮೂಲು ದೂರು. ನೀವು ಗುರುತಿನ ಎಲೆಕ್ಟ್ರಿಷಿಯನ್ನರಿಗೆ ಹೇಳುತ್ತೀರಿ, ಅವರು ಹೋಗಿ ಅರ್ಧ ಗಂಟೆಯಲ್ಲಿ ‘ಸರಿ ಮಾಡಿದೀನಿ’ ಎನ್ನುತ್ತಾರೆ, ಮತ್ತೆ ಫೋನ್ ಬರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಅಲ್ಲಿ ಏನು ನಡೆಯಿತು ಎಂಬುದೇ ಈ ಪತ್ರದ ವಿಷಯ. ಕೆಟ್ಟ ಕಾಯಿಲ್ ಬದಲಾಯಿಸಿದ್ದರೆ, ಸಡಿಲವಾದ ವೈರು ಬಿಗಿ ಮಾಡಿದ್ದರೆ ಸಂತೋಷ. ಆದರೆ ದೂರು ನಿಲ್ಲಿಸಲು ಅದಕ್ಕಿಂತ ಅಗ್ಗದ ಮೂರು ದಾರಿಗಳಿವೆ: ಗೀಸರಿನ ಲೈನನ್ನು ಆರ್‌ಸಿಸಿಬಿಯಿಂದ ತಪ್ಪಿಸಿ ‘ಡೈರೆಕ್ಟ್’ ಕೊಡುವುದು, ಅರ್ಥ್ ವೈರನ್ನು ಕಿತ್ತು ಟೇಪ್ ಸುತ್ತಿಬಿಡುವುದು, 16 ಆಂಪಿಯರಿನ ಎಂಸಿಬಿ ತೆಗೆದು 32ರದ್ದು ಕೂರಿಸುವುದು. ಕೆಟ್ಟದ್ದು ಏನೆಂದು ಹುಡುಕದೆಯೇ ಟ್ರಿಪ್ ಆಗುವುದನ್ನು ನಿಲ್ಲಿಸುವ ದಾರಿಗಳಿವು. ದೋಷ ಇದ್ದಲ್ಲೇ ಇರುತ್ತದೆ. ಟ್ರಿಪ್ ಆಗುವುದೆಂದರೆ ದೋಷವೊಂದರ ಬಗ್ಗೆ ಸಿಗುವ ಸಾಕ್ಷಿ. ಅದನ್ನು ಓದದೆ ಅಳಿಸಿಹಾಕುವ ಅಧಿಕಾರ ರಿಪೇರಿಯ ದುಡ್ಡು ಕೊಡುವವರಿಗೂ ಇಲ್ಲ, ಏಕೆಂದರೆ ಷವರಿನ ಕೆಳಗೆ ನಿಲ್ಲುವವರು ಬೇರೆಯವರು.

ಹಾಗಾದರೆ ಆ ಸಾಕ್ಷಿಯನ್ನು ಓದುವುದು ಹೇಗೆ? ಬಿದ್ದದ್ದು ಯಾವುದು ಎಂದು ಮೊದಲು ಕೇಳಬೇಕು. ಡಿಬಿ ಬಾಕ್ಸಿನಲ್ಲಿ ನೋಡಲು ಒಂದೇ ಥರ ಕಾಣುವ ಎರಡು ಸಾಧನಗಳಿರುತ್ತವೆ, ಅವುಗಳ ಕೆಲಸ ಮಾತ್ರ ಬೇರೆ. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು. ವೈರು ತಡೆಯುವುದಕ್ಕಿಂತ ಹೆಚ್ಚು ಹರಿದರೆ ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಿ, ಬಾಗಿ, ಸ್ವಲ್ಪ ಹೊತ್ತಿನಲ್ಲಿ ಸಂಪರ್ಕ ಕಡಿಯುತ್ತದೆ. ಶಾರ್ಟ್ ಆದರೆ ತಕ್ಷಣ ಕಡಿಯುತ್ತದೆ. ಆರ್‌ಸಿಸಿಬಿ ನೋಡುವುದು ಫೇಸಿನಲ್ಲಿ ಹೋದದ್ದೆಲ್ಲ ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದಷ್ಟೇ. ಬರಲಿಲ್ಲವೆಂದರೆ ಅದು ಬೇರೆ ದಾರಿಯಲ್ಲಿ, ಅಂದರೆ ಗೀಸರಿನ ಲೋಹದ ಮೈ, ನೀರಿನ ಪೈಪು ಅಥವಾ ಮನುಷ್ಯರ ಮೈ ಮೂಲಕ, ಭೂಮಿಗೆ ಇಳಿಯುತ್ತಿದೆ ಎಂದರ್ಥ. ಹಳಬರು ಇಂದಿಗೂ ಇಎಲ್‌ಸಿಬಿ ಎಂದು ಕರೆಯುವುದು ಇದನ್ನೇ. ‘ಟಿ’ ಎಂದು ಬರೆದ ಪುಟ್ಟ ಗುಂಡಿಯಿಂದ ಅದನ್ನು ಗುರುತಿಸಬಹುದು. ಮನೆಗಳಲ್ಲಿ ಹಾಕುವುದು 30 ಮಿಲಿ ಆಂಪಿಯರಿನದು. 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದರ ನಾನೂರರಲ್ಲಿ ಒಂದು ಪಾಲು ಸೋರಿದರೂ ಆರ್‌ಸಿಸಿಬಿ ಬೀಳುತ್ತದೆ. ಆದ್ದರಿಂದ ಆರ್‌ಸಿಸಿಬಿ ಬಿದ್ದಿರುವಾಗ ಯಾರಾದರೂ ‘ಲೋಡ್ ಜಾಸ್ತಿಯಾಗಿದೆ’ ಎಂದರೆ ಆ ಮಾತನ್ನು ಅಲ್ಲೇ ನಿಲ್ಲಿಸಿ. ಲೋಡ್ ಜಾಸ್ತಿಯಾದರೆ ಬೀಳುವ ಗುಣ ಆರ್‌ಸಿಸಿಬಿಗೆ ಇಲ್ಲವೇ ಇಲ್ಲ.

ಇನ್ನು ಯಾವಾಗ ಬೀಳುತ್ತದೆ ಎಂಬ ಪ್ರಶ್ನೆ. ಇದಕ್ಕೆ ಬಾಡಿಗೆದಾರರೇ ಉತ್ತರ ಹೇಳಬಲ್ಲರು, ನಾವು ಕೇಳುವುದಿಲ್ಲ ಅಷ್ಟೆ. ಗೀಸರಿನ ಕಾಯಿಲ್ ಎಂದರೆ ತಾಮ್ರ ಅಥವಾ ಇಂಕಲಾಯ್ ಕೊಳವೆ. ಅದರ ನಡುವೆ ನೈಕ್ರೋಮ್ ತಂತಿ, ತಂತಿ ಕೊಳವೆಗೆ ತಾಗದಂತೆ ಸುತ್ತ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಈ ಪುಡಿ ಒಣಗಿದ್ದಾಗ ಒಳ್ಳೆಯ ಇನ್ಸುಲೇಷನ್. ತೇವ ಹೀರಿಕೊಂಡರೆ ಕರೆಂಟ್ ಸೋರಲು ದಾರಿ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಕಾಯಿಲಿನ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ, ಒಳಗಿನ ಬಿಸಿ ನೀರಿಗೆ ಇಳಿಯದೆ ಕೊಳವೆಯೇ ಕಾಯುತ್ತದೆ, ಕೊನೆಗೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಒಳಗೆ ಹೋಗುತ್ತದೆ. ಟ್ಯಾಂಕು ಖಾಲಿಯಿದ್ದಾಗ ಸ್ವಿಚ್ ಹಾಕಿದರೂ ಕಾಯಿಲ್ ಹೀಗೇ ಹಾಳಾಗುತ್ತದೆ. ಬೇಸಿಗೆಯ ಬೆಂಗಳೂರಿನಲ್ಲಿ ಟ್ಯಾಂಕು ಖಾಲಿಯಾಗುವುದು ಅಪರೂಪವಲ್ಲ. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬಿದ್ದರೆ ಶಾರ್ಟ್ ಎಂದು ಅನುಮಾನಿಸಬೇಕು. ಹತ್ತು ನಿಮಿಷ ನೀರು ಕಾದ ಮೇಲೆ ಆರ್‌ಸಿಸಿಬಿ ಬಿದ್ದರೆ, ಬಿಸಿಗೆ ಬಿರುಕು ಬಾಯಿಬಿಡುವ ಕಾಯಿಲ್ ಮೊದಲ ಶಂಕಿತ. ಸ್ವಲ್ಪ ಹೊತ್ತಾದ ಮೇಲೆ ಎಂಸಿಬಿ ಬಿದ್ದು, ಅದನ್ನು ಮುಟ್ಟಿದರೆ ಬಿಸಿಯೆನಿಸಿದರೆ, ಓವರ್‌ಲೋಡ್ ಇರಬಹುದು ಅಥವಾ ವೈರಿನ ತುದಿ ಸಡಿಲವಾಗಿ ಅಲ್ಲಿ ಹುಟ್ಟಿದ ಶಾಖ ಎಂಸಿಬಿಯ ಪಟ್ಟಿಗೆ ತಲುಪಿರಬಹುದು. ಸಡಿಲ ತುದಿಯ ಕಥೆ ಮಾತ್ರ ವಿಚಿತ್ರ: ಅದು ಪ್ಲಗ್ಗಿನ ಕಡೆಯಲ್ಲಿದ್ದರೆ ಯಾವ ಸಾಧನವೂ ಬೀಳದೆ ಪ್ಲಾಸ್ಟಿಕ್ ಕರಗುತ್ತ ಹೋಗುತ್ತದೆ. ಅಲ್ಲಿ ಸಾಕ್ಷಿ ಹೇಳುವುದು ವಾಸನೆ ಒಂದೇ.

ಅನುಭವಸ್ಥರನ್ನೂ ದಾರಿ ತಪ್ಪಿಸುವ ಸಂಗತಿಯೊಂದಿದೆ. ‘ಗೀಸರ್ ಆಫ್ ಇದ್ದಾಗಲೂ ಟ್ರಿಪ್ ಆಗುತ್ತೆ, ಹಾಗಾದರೆ ಗೀಸರಿನ ತಪ್ಪಲ್ಲ, ಆರ್‌ಸಿಸಿಬಿಯೇ ಕೆಟ್ಟಿದೆ’ ಎಂಬ ತೀರ್ಮಾನ ಬಹಳ ಸಲ ಕೇಳಿಬರುತ್ತದೆ. ಸಾಧಾರಣ ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಗೀಸರಿನೊಳಗಿನ ಕಾಯಿಲಿಗೆ ಸೇರಿಕೊಂಡೇ ಇರುತ್ತದೆ. ಕಾಯಿಲ್ ತನ್ನ ನ್ಯೂಟ್ರಲ್ ತುದಿಯ ಹತ್ತಿರ ಸೀಳಿದ್ದರೆ ನ್ಯೂಟ್ರಲಿಗೂ ಅರ್ಥಿಗೂ ಸಂಪರ್ಕ ಬಂದಿರುತ್ತದೆ. ಎರಡರ ನಡುವೆ ವೋಲ್ಟೇಜ್ ಕಡಿಮೆ ಇರುವುದರಿಂದ ಸುಮ್ಮನಿದ್ದಾಗ ಏನೂ ಆಗುವುದಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಅಥವಾ ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಅದರ ಕರೆಂಟಿನ ಒಂದು ಪಾಲು ನ್ಯೂಟ್ರಲಿನಲ್ಲಿ ಮರಳುವ ಬದಲು ಗೀಸರಿನ ಮೂಲಕ ಅರ್ಥಿಗೆ ಇಳಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಬೈಗುಳ ಮಿಕ್ಸಿಗೆ. ಗೀಸರಿನ ಪ್ಲಗ್ಗನ್ನು ಪೂರ್ತಿ ಕಿತ್ತಿಟ್ಟು, ಅಥವಾ ಎರಡೂ ವೈರು ಕಡಿಯುವ ಡಿಪಿ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಿ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಟೆರೇಸಿನ ಮೇಲಿನ ಸೋಲಾರ್ ಟ್ಯಾಂಕನ್ನೂ ಮರೆಯಬಾರದು. ಅದರೊಳಗೆ ಮೋಡ ಕವಿದ ದಿನಗಳಿಗೆಂದು ಒಂದು ಬ್ಯಾಕಪ್ ಕಾಯಿಲ್ ಇರುತ್ತದೆ, ಅದರ ವೈರು ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಬಿದ್ದಿರುತ್ತದೆ, ಯಾರೂ ಹತ್ತಿ ನೋಡುವುದಿಲ್ಲ.

ಬಾಡಿಗೆ ಕಟ್ಟಡಗಳಿಗೇ ವಿಶೇಷವಾದ ದೋಷ ಇನ್ನೊಂದು. ಒಂದು ಮನೆಯಾಗಿ ಕಟ್ಟಿದ್ದನ್ನು ಮುಂದೆ ಎರಡು, ಮೂರು ಪೋರ್ಷನ್ ಮಾಡಿ, ಸಬ್‌ಮೀಟರ್ ಹಾಕಿ ಕೊಟ್ಟಿರುತ್ತೀರಿ. ಮೀಟರು ಬೇರೆಯಾಗುತ್ತದೆ, ಗೋಡೆಯೊಳಗಿನ ನ್ಯೂಟ್ರಲುಗಳು ಹಲವು ಕಡೆ ಒಂದರೊಳಗೊಂದು ಸೇರಿಕೊಂಡೇ ಇರುತ್ತವೆ. ಕೆಳಮನೆಯ ಆರ್‌ಸಿಸಿಬಿಯಿಂದ ಹೊರಟ ಫೇಸು ಮೇಲ್ಮನೆಯ ನ್ಯೂಟ್ರಲಿನಲ್ಲಿ ವಾಪಸಾದರೆ ಆರ್‌ಸಿಸಿಬಿಯ ಲೆಕ್ಕ ತಪ್ಪುತ್ತದೆ, ಗೀಸರ್ ಹೊಚ್ಚ ಹೊಸದಾದರೂ ಟ್ರಿಪ್ ಆಗುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಅದೇ ಸಾಕೆಟ್ಟಿಗೆ ಚೆನ್ನಾಗಿರುವ ಬೇರೊಂದು ಹೀಟರನ್ನು ಎಲೆಕ್ಟ್ರಿಷಿಯನ್ ಹಾಕಿ ನೋಡಲಿ. ಆಗಲೂ ಬಿದ್ದರೆ ತಪ್ಪು ವೈರಿಂಗಿನದು, ಬೀಳದಿದ್ದರೆ ಗೀಸರಿನದು. ಹೊಸ ಗೀಸರ್ ಕೊಂಡು ತಂದ ಮೇಲೂ ದೂರು ನಿಲ್ಲಲಿಲ್ಲ ಎಂದು ಬೇಸರಪಡುವ ಮಾಲೀಕರು ಈ ಒಂದು ಪರೀಕ್ಷೆಯನ್ನು ಮೊದಲೇ ಮಾಡಿಸಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಗೀಸರೇ ತಪ್ಪಿತಸ್ಥ ಎಂದು ಗೊತ್ತಾದ ಮೇಲೆ ಮೆಗ್ಗರ್ ಹಾಕಿಸಿ. ಕಾಯಿಲಿಗೂ ಗೀಸರಿನ ಲೋಹದ ಮೈಗೂ ನಡುವೆ 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಎಷ್ಟಿದೆ ಎಂದು ಅಳೆಯುವ ಉಪಕರಣ ಅದು. ಕನಿಷ್ಠ ಒಂದು ಮೆಗಾ ಓಮ್ ಬರಬೇಕು. ‘ಮೀಟರಲ್ಲಿ ನೋಡಿದೆ, ಕಾಯಿಲ್ ಚೆನ್ನಾಗಿದೆ’ ಎನ್ನುವವರು ನೋಡಿರುವುದು ಸಾಮಾನ್ಯವಾಗಿ ಮಲ್ಟಿಮೀಟರಿನಲ್ಲಿ, ಕೆಲವೇ ವೋಲ್ಟಿನ ಬ್ಯಾಟರಿಯ ಬಲದಲ್ಲಿ. 2 ಕಿಲೋವಾಟಿನ ಕಾಯಿಲ್ 26 ಓಮ್ ತೋರಿಸಿತೆಂದರೆ ತಂತಿ ತುಂಡಾಗಿಲ್ಲ ಎಂದಷ್ಟೇ ಅರ್ಥ. ಅದು ಸೋರುತ್ತಿದೆಯೇ ಎಂಬ ಪ್ರಶ್ನೆಗೆ ಆ 26 ಉತ್ತರವಲ್ಲ.

ಇಷ್ಟು ಹುಡುಕಾಟ ಮಾಡದೆ ಆ ಮೂರು ಅಗ್ಗದ ದಾರಿ ಹಿಡಿದರೆ ಆಗುವುದೇನು? ಎಂಸಿಬಿ ದೊಡ್ಡದು ಮಾಡುವುದನ್ನು ನೋಡೋಣ. ಗೀಸರಿನ ಲೈನಿಗೆ ಸಾಧಾರಣವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದಿರುತ್ತಾರೆ, ಕೊಳವೆಯೊಳಗೆ ಅದರ ಶಕ್ತಿ ಇಪ್ಪತ್ತು ಆಂಪಿಯರಿನ ಆಸುಪಾಸು. 32ರ ಎಂಸಿಬಿ 36 ಆಂಪಿಯರ್ ಹರಿದರೂ ಒಂದು ಗಂಟೆ ಬೀಳದೆ ಇರಬಹುದು. ಅದರ ಮಾನದಂಡವೇ ಹಾಗಿದೆ. ಅಷ್ಟರಲ್ಲಿ ಗೋಡೆಯೊಳಗಿನ ಪಿವಿಸಿ ಬೇಯುತ್ತಿರುತ್ತದೆ. ಅರ್ಥ್ ಕೀಳುವುದು ಇದಕ್ಕಿಂತ ಕೆಟ್ಟದ್ದು. ಅರ್ಥ್ ಇದ್ದಾಗ ಸೋರಿದ ಕರೆಂಟು ಅದರಲ್ಲಿ ಇಳಿದು, ಆರ್‌ಸಿಸಿಬಿ ಬಿದ್ದು, ದೋಷ ಬಯಲಾಗುತ್ತಿತ್ತು. ಅರ್ಥ್ ಇಲ್ಲದಾಗ ಗೀಸರಿನ ಮೈ ಫೇಸಿನ ವೋಲ್ಟೇಜಿಗೇರಿ ಸುಮ್ಮನೆ ಕಾದಿರುತ್ತದೆ. ಒದ್ದೆ ಕೈಯಲ್ಲಿ ಯಾರಾದರೂ ನಲ್ಲಿ ಮುಟ್ಟಿದಾಗ ಭೂಮಿಗೆ ಇಳಿಯುವ ದಾರಿ ಅವರ ಮೈಯೇ ಆಗುತ್ತದೆ. ಅಲ್ಲಿಯತನಕ ಟ್ರಿಪ್ ಆಗುವುದಿಲ್ಲವಾದ್ದರಿಂದ ಎಲ್ಲರಿಗೂ ರಿಪೇರಿ ಚೆನ್ನಾಗಿ ಆಗಿದೆ ಎಂದೇ ಅನ್ನಿಸುತ್ತದೆ. ಡೈರೆಕ್ಟ್ ಕೊಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಆ ಕೊನೆಯ ಕ್ಷಣದಲ್ಲೂ ಕಡಿಯುವವರಿಲ್ಲ. ನೆಂದ ಮೈಯ ರೋಧ ಒಂದು ಸಾವಿರ ಓಮ್ ಎಂದು ಹಿಡಿದರೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಹತ್ತು ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಹಿಡಿದ ಕೈ ಬಿಡಲಾಗದ ಸ್ಥಿತಿ ಬರುತ್ತದೆ. 150 ಮಿಲಿ ಆಂಪಿಯರಿಗೆ 30ರ ಆರ್‌ಸಿಸಿಬಿ ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಕಡಿಯಬೇಕು ಎಂಬುದು ನಿಯಮ. ಎಂಸಿಬಿಯ ಕಣ್ಣಿಗೆ ಆ 230 ಮಿಲಿ ಆಂಪಿಯರ್ ಒಂದು ಬಲ್ಬು ಹೊತ್ತಿಸಿದಷ್ಟೆ.

‘ನಮ್ಮ ಕಟ್ಟಡಕ್ಕೆ ಒಳ್ಳೆಯ ಅರ್ಥಿಂಗ್ ಇದೆ, ಅದು ಸಾಲದೇ’ ಎಂದು ನೀವು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಉಪ್ಪು ಇದ್ದಲು ಹಾಕಿ ಹೂತ ಅರ್ಥ್ ಪಿಟ್ಟಿಗೆ ನೀರು ಹೊಯ್ಯುವವರಿಲ್ಲದೆ ಬೇಸಿಗೆಯಲ್ಲಿ ಒಣಗಿ ಅದರ ರೋಧ 20 ಓಮಿಗೆ ಏರಿದೆ ಎಂದುಕೊಳ್ಳಿ. ಫೇಸು ಗೀಸರಿನ ಮೈಗೆ ನೇರವಾಗಿ ತಾಗಿದರೂ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 16ರ ಎಂಸಿಬಿ ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಗೀಸರಿನ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿರುತ್ತದೆ, ಎರಡೂವರೆ ಕಿಲೋವಾಟಿಗೂ ಹೆಚ್ಚು ಮಣ್ಣಿಗೆ ಹರಿದು ಮೀಟರು ತಿರುಗುತ್ತಲೇ ಇರುತ್ತದೆ. ಅದೇ 20 ಓಮಿನ ಕಳಪೆ ಅರ್ಥಿನಲ್ಲಿ ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಸುತ್ತದೆ, ಅದಕ್ಕೆ ಬೇಕಾದದ್ದು 30 ಮಿಲಿ ಆಂಪಿಯರ್ ಮಾತ್ರ. ಅರ್ಥಿಂಗ್ ಬೇಕು, ಅದರೊಂದಿಗೆ ಆರ್‌ಸಿಸಿಬಿಯೂ ಬೇಕು; ಒಂದಿದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ. ‘ನಮ್ಮದು ಪ್ಲಾಸ್ಟಿಕ್ ಬಾಡಿಯ ಗೀಸರ್, ಶಾಕ್ ಹೊಡೆಯಲ್ಲ’ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಹೊರಗಿನ ಹೊದಿಕೆ ಪ್ಲಾಸ್ಟಿಕ್ಕಾದರೂ ಒಳಗಿನ ಟ್ಯಾಂಕು, ಕಾಯಿಲು, ಷವರಿನ ಲೋಹದ ಕೊಳವೆ ಎಲ್ಲವನ್ನೂ ಜೋಡಿಸುವುದು ನೀರು, ಬೋರ್‌ವೆಲ್ಲಿನ ಲವಣಭರಿತ ನೀರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಒಂದಿದೆ: ಆರ್‌ಸಿಸಿಬಿ ಕಾರಣವಿಲ್ಲದೆಯೂ ಬೀಳುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಚೆನ್ನಾಗಿರುವ ಗೀಸರೂ ತುಸು ಸೋರುತ್ತದೆ. ಪ್ರತಿ ಕಿಲೋವಾಟಿಗೆ 0.75 ಮಿಲಿ ಆಂಪಿಯರಿನಂತೆ, ಗರಿಷ್ಠ 5ರವರೆಗೆ ಮಾನದಂಡದಲ್ಲೇ ಅವಕಾಶವಿದೆ. 3 ಕಿಲೋವಾಟಿನದಕ್ಕೆ ಎರಡೂ ಕಾಲು ಮಿಲಿ ಆಂಪಿಯರ್ ಆಯಿತು. ಅದೊಂದರಿಂದ 30ರ ಆರ್‌ಸಿಸಿಬಿ ಬೀಳುವುದು ಅಸಾಧ್ಯ. ಆದರೆ 30 ಎಂದು ಬರೆದಿರುವುದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಹಾಗೆಂದೇ ಅದರ ವಿನ್ಯಾಸ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದು, ಕಂಪ್ಯೂಟರು, ವಾಷಿಂಗ್ ಮೆಷೀನು, ಯುಪಿಎಸ್ಸು, ಎಲ್‌ಇಡಿ ದೀಪಗಳು ತಮ್ಮ ತಮ್ಮ ಪಾಲನ್ನು ಸ್ವಲ್ಪ ಸ್ವಲ್ಪ ಸೋರಿಸುತ್ತಿದ್ದರೆ, ತುದಿಗೆ ಬಂದು ನಿಂತ ಆರ್‌ಸಿಸಿಬಿಯನ್ನು ಗೀಸರ್ ಬೀಳಿಸುತ್ತದೆ. ಅಲ್ಲಿ ಗೀಸರಿನ ತಪ್ಪಿಲ್ಲ, ಆರ್‌ಸಿಸಿಬಿಯ ತಪ್ಪೂ ಇಲ್ಲ, ಎಲ್ಲವನ್ನೂ ಒಂದಕ್ಕೇ ಹೊರಿಸಿದ ವೈರಿಂಗಿನ ತಪ್ಪು. ಪರಿಹಾರವೂ ಅಲ್ಲಿಯೇ ಇದೆ: ಗೀಸರಿನ ಲೈನಿಗೆ ಅದರದ್ದೇ ಆರ್‌ಸಿಬಿಓ ಹಾಕಿಸುವುದು. ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಡಬ್ಬಿಯಲ್ಲಿ ಮಾಡುವ ಸಾಧನವದು. ಈ ಲೈನನ್ನು ಮನೆಯ ಉಳಿದ ಆರ್‌ಸಿಸಿಬಿಯಿಂದ ಬೇರೆ ಮಾಡಿ, ನ್ಯೂಟ್ರಲನ್ನೂ ಬೇರೆಯಾಗಿಯೇ ತಂದರೆ, ಗೀಸರ್ ಕೆಟ್ಟಾಗ ಗೀಸರಿನ ಲೈನೊಂದೇ ಹೋಗುತ್ತದೆ. ಫ್ರಿಜ್ಜು, ದೀಪ, ವೈಫೈ ನಡೆಯುತ್ತಲೇ ಇರುತ್ತವೆ. ಇಡೀ ಮನೆ ಕತ್ತಲಾಗುತ್ತದೆ ಎಂಬ ಬಾಡಿಗೆದಾರರ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟಿನ ಒತ್ತಡದಲ್ಲೇ ಡೈರೆಕ್ಟ್ ಕೊಡುವ ಕೆಲಸ ನಡೆಯುವುದು ಎಂಬುದನ್ನು ಗಮನಿಸಿದರೆ, ಸುರಕ್ಷತೆಗೂ ನೆಮ್ಮದಿಗೂ ಬೇಕಾದದ್ದು ಒಂದೇ ಬದಲಾವಣೆ ಎಂದು ಗೊತ್ತಾಗುತ್ತದೆ. ಬ್ರಿಟನ್ನಿನ ಮನೆಗಳಲ್ಲಿ 8ರಿಂದ 10 ಕಿಲೋವಾಟಿನ ಎಲೆಕ್ಟ್ರಿಕ್ ಷವರುಗಳಿವೆ, ನಮ್ಮ ಗೀಸರಿನ ಮೂರು ಪಟ್ಟು. ಅವುಗಳಿಗೆ ಪ್ರತ್ಯೇಕ ಲೈನು ಎಳೆಯುವುದು ಅಲ್ಲಿ ವಾಡಿಕೆ, ಸ್ನಾನದಮನೆಯ ಎಲ್ಲ ಲೈನುಗಳಿಗೂ 30 ಮಿಲಿ ಆಂಪಿಯರಿನ ರಕ್ಷಣೆ ಬೇಕೆಂದು 2008ರ ವೈರಿಂಗ್ ನಿಯಮಗಳಲ್ಲಿ ಬರೆದರು.

ಇನ್ನೊಂದು ಆಕ್ಷೇಪಣೆ ಎಲೆಕ್ಟ್ರಿಷಿಯನ್ನರಿಂದಲೇ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದ ಮನೆಯಲ್ಲಿ ಕಾಯಿಲಿನ ಪುಡಿ ತೇವ ಹೀರಿಕೊಂಡಿರುತ್ತದೆ, ಒಂದೆರಡು ಸಲ ಡೈರೆಕ್ಟ್ ಹಾಕಿ ಕಾಯಿಸಿದರೆ ತೇವ ಆರಿ ಟ್ರಿಪ್ ನಿಲ್ಲುತ್ತದೆ ಎಂದು ಅವರು ಹೇಳುತ್ತಾರೆ. ಹಾಗೆ ಆಗುವುದು ನಿಜ. ಆದರೆ ತೇವ ಒಳಗೆ ಹೋದದ್ದು ತುದಿಯ ಸೀಲ್ ಸಡಿಲವಾಗಿದ್ದರಿಂದ. ಇವತ್ತು ಆರಿದ್ದು ಮಳೆಗಾಲಕ್ಕೆ ಮತ್ತೆ ಬರಬಹುದು. ಕಾಯಿಲನ್ನು ಬಿಚ್ಚಿ ಹೊರಗೆ ಒಣಗಿಸಿ, ಮೆಗ್ಗರಿನಲ್ಲಿ ಅಳೆದು ಮತ್ತೆ ಕೂರಿಸಬಹುದು, ಬದಲಾಯಿಸಿಬಿಟ್ಟರೆ ಇನ್ನೂ ಒಳ್ಳೆಯದು. ಬಾಡಿಗೆದಾರರು ಸೇರಿಕೊಂಡ ಮೊದಲ ವಾರ ಅವರ ಸ್ನಾನದ ಜೊತೆಗೇ ಅದನ್ನು ಒಣಗಿಸುವ ಪ್ರಯೋಗ ಬೇಡ. ಅದರಲ್ಲೂ ‘ತಾತ್ಕಾಲಿಕ’ ಡೈರೆಕ್ಟ್ ವೈರನ್ನು ಮತ್ತೆ ಬಂದು ತೆಗೆಯುವವರು ಯಾರು?

ಖರ್ಚಿನ ಮಾತಿಗೆ ಉದ್ದನೆಯ ಉತ್ತರ ಬೇಕಿಲ್ಲ. ಕಾಯಿಲ್, ಆರ್‌ಸಿಬಿಓ, ಎಲೆಕ್ಟ್ರಿಷಿಯನ್ನರ ಕೂಲಿ ಎಲ್ಲ ಸೇರಿದರೂ ಬೆಂಗಳೂರಿನ ಸಾಧಾರಣ ಎರಡು ಬೆಡ್‌ರೂಮಿನ ಮನೆಯ ಒಂದು ತಿಂಗಳ ಬಾಡಿಗೆಯನ್ನು ಮುಟ್ಟುವುದಿಲ್ಲ, ಮುಂಗಡವಾಗಿ ನೀವು ಇಟ್ಟುಕೊಂಡ ಮೊತ್ತದ ಮಾತೇ ಬೇರೆ. ಈ ತಲೆನೋವೇ ಬೇಡವೆಂದು ಗ್ಯಾಸ್ ಗೀಸರ್ ಹಾಕಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಗಾಳಿಯಾಡದ ಬಾತ್‌ರೂಮಿನಲ್ಲಿ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದನ್ನು ಕಂಡು ಬೀಳುವ ಸ್ವಿಚ್ಚು ನಿಮ್ಮ ಡಿಬಿ ಬಾಕ್ಸಿನಲ್ಲಿಲ್ಲ. ಇನ್ನು ಕಾನೂನು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲೂ, ಅವುಗಳ ಜಾಗದಲ್ಲಿ 2023ರಲ್ಲಿ ಬಂದ ಹೊಸ ನಿಯಮಗಳಲ್ಲೂ ಅರ್ಥ್ ಲೀಕೇಜ್ ರಕ್ಷಣೆಯ ಮಾತಿದೆ. ನಿಯಮ ಯಾವ ಲೋಡಿನಿಂದ ಅನ್ವಯವಾಗುತ್ತದೆ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಇರುವ ಆರ್‌ಸಿಸಿಬಿಯನ್ನು ತಪ್ಪಿಸಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಅನಾಹುತವಾದರೆ ಆ ವಾದ ಯಾರ ನೆರವಿಗೂ ಬರಲಾರದು.

ಆದ್ದರಿಂದ ಮುಂದಿನ ಸಲ ಆ ಫೋನ್ ಬಂದಾಗ ಬಾಡಿಗೆದಾರರನ್ನು ಮೂರು ಮಾತು ಕೇಳಿ: ಬಿದ್ದದ್ದು ಯಾವುದು, ಹಾಕಿದ ಕೂಡಲೇ ಬಿತ್ತೋ ಸ್ವಲ್ಪ ಹೊತ್ತಿನ ಮೇಲೋ, ಪ್ಲಗ್ ಕಿತ್ತಿಟ್ಟರೂ ಬೀಳುತ್ತದೋ. ದೋಷ ಸಿಗುವತನಕ ಗೀಸರನ್ನು ಬಳಸಬೇಡಿ, ಪದೇ ಪದೇ ಎತ್ತಿ ಹಾಕಬೇಡಿ ಎಂದು ಹೇಳಿ; ಎರಡು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಲೈಸೆನ್ಸ್ ಇರುವವರನ್ನು, ಮೆಗ್ಗರ್ ತರುವವರನ್ನು ಕಳಿಸಿ, ದೋಷ ಎಲ್ಲಿತ್ತು ಎಂದು ಅವರಿಂದ ಬರೆಸಿಕೊಳ್ಳಿ. ಏನು ಕೆಟ್ಟಿತ್ತು ಎಂದು ಹೇಳಲಾಗದೆ ‘ಸರಿ ಮಾಡಿದೀನಿ’ ಎಂದಷ್ಟೇ ಹೇಳಿದರೆ ದುಡ್ಡು ಕೊಡಬೇಡಿ. ಹಿಂದೆ ಯಾವಾಗಲೋ ನಿಮ್ಮ ಮನೆಗಳಲ್ಲಿ ಡೈರೆಕ್ಟ್ ಕೊಡಿಸಿದ್ದು ನೆನಪಿದ್ದರೆ ಈ ವಾರವೇ ಅದನ್ನು ತೆಗೆಸಿ. ಹೊಸಬರಿಗೆ ಬೀಗದ ಕೈ ಕೊಡುವ ದಿನ ಅವರ ಎದುರಿಗೇ ಡಿಬಿ ಬಾಕ್ಸ್ ತೆರೆದು ‘ಟಿ’ ಗುಂಡಿ ಒತ್ತಿ ತೋರಿಸಿ. ಗೀಸರಿನ ಲೈನೂ ಕಡಿಯಿತೇ ಎಂದು ಒಟ್ಟಿಗೆ ನೋಡಿ. ಕಡಿಯದಿದ್ದರೆ ಆ ದಿನ ಕೀ ಕೊಡಬೇಡಿ.